ಪಿಪ್ ಮೇಲ್ಮನವಿ: ಹತ್ತಕ್ಕೆ ಏಳು ಗೆಲುವು ಎಂಬ ಲೆಕ್ಕ

ಪ್ರಶ್ನೆ: ನಾವು ಬ್ರಿಟನ್ನಿನ ಲೆಸ್ಟರ್‌ನಲ್ಲಿದ್ದೇವೆ, ಇಬ್ಬರೂ ಅಲ್ಲಿನ ಪೌರರು. 46 ವರ್ಷದ ನನ್ನ ಪತಿಗೆ ರುಮಟಾಯ್ಡ್ ಸಂಧಿವಾತವಿದೆ. ಅಂಗವಿಕಲರಿಗೆ ಕೊಡುವ ‘ಪಿಪ್’ ಭತ್ಯೆಗೆ ಅರ್ಜಿ ಹಾಕಿದಾಗ ದಿನನಿತ್ಯದ ಬದುಕಿನ ವಿಭಾಗದಲ್ಲಿ 6 ಅಂಕ ಕೊಟ್ಟು ನಿರಾಕರಿಸಿದರು. ಮರುಪರಿಶೀಲನೆಯಲ್ಲೂ ಅದೇ ಉತ್ತರ ಬಂತು. ಟ್ರಿಬ್ಯುನಲ್‌ಗೆ ಹೋದವರಲ್ಲಿ 10ಕ್ಕೆ 7 ಮಂದಿ ಗೆಲ್ಲುತ್ತಾರೆಂದು ಪರಿಚಿತರು ಹೇಳುತ್ತಾರೆ. ಇದು ನಿಜವೇ? ಪತಿಗೆ ತಮ್ಮ ಕಷ್ಟವನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಲು ಬರುವುದಿಲ್ಲ.

ಉತ್ತರ: ಲೆಕ್ಕ ಹೆಚ್ಚುಕಡಿಮೆ ನಿಜ. ಕಳೆದ ಕೆಲವು ವರ್ಷಗಳಲ್ಲಿ ವಿಚಾರಣೆಯವರೆಗೆ ಬಂದ ಪಿಪ್ ಪ್ರಕರಣಗಳಲ್ಲಿ ಸುಮಾರು ಮೂರನೇ ಎರಡು ಭಾಗ ಅಥವಾ ಅದಕ್ಕೂ ಹೆಚ್ಚು ಅರ್ಜಿದಾರರ ಪರವಾಗಿ ತೀರ್ಮಾನವಾಗಿವೆ. ಆದರೆ ಭತ್ಯೆ ಕೊಡುವ ಸರ್ಕಾರಿ ಇಲಾಖೆಯ ಮೊದಲ ತೀರ್ಮಾನಗಳಲ್ಲಿ ಮೇಲ್ಮನವಿಗೆ ಹೋಗುವುದು ಶೇ. 10ಕ್ಕಿಂತ ಕಡಿಮೆ. ಬೇಸತ್ತು ಮರುಪರಿಶೀಲನೆಯಲ್ಲೇ ಕೈಬಿಟ್ಟವರಾಗಲಿ, ವಿಚಾರಣೆಗೆ ಮೊದಲೇ ಇಲಾಖೆ ತೀರ್ಮಾನ ಬದಲಿಸಿದವರಾಗಲಿ ಈ ಲೆಕ್ಕದಲ್ಲಿ ಬರುವುದಿಲ್ಲ. ಆದ್ದರಿಂದ ಅದನ್ನು ನಿಮ್ಮ ಪತಿಯ ಗೆಲುವಿನ ಭರವಸೆಯೆಂದು ಓದಬೇಡಿ.

ನಿಮಗೆ ಬೇಕಿರುವುದು ಇನ್ನು 2 ಅಂಕ. 8 ಆದರೆ ಸಾಮಾನ್ಯ ದರದ ಭತ್ಯೆ, 12 ಆದರೆ ಹೆಚ್ಚಿನ ದರ. ದಿನನಿತ್ಯದ ಒಂದೊಂದು ಕೆಲಸ ಎಷ್ಟು ಕಷ್ಟವೆಂಬುದರ ಮೇಲೆ ಅಂಕ ಕೊಡುತ್ತಾರೆ. ಅಡುಗೆಯನ್ನೇ ನೋಡಿ. ನಿಯಮದಲ್ಲಿ ಅಡುಗೆಯೆಂದರೆ ತಾಜಾ ಸಾಮಗ್ರಿಯಿಂದ ಒಬ್ಬರಿಗಾಗುವಷ್ಟು ಒಂದು ಬಗೆಯ ಊಟ ತಯಾರಿಸುವುದು. ತರಕಾರಿ ಸುಲಿದು ಹೆಚ್ಚುವುದೂ ಅದರಲ್ಲಿ ಸೇರಿದೆ. ಅದನ್ನು ಸುರಕ್ಷಿತವಾಗಿ, ಒಪ್ಪುವ ಮಟ್ಟದಲ್ಲಿ, ಬೇಕಾದಷ್ಟು ಸಲ, ಅಂಗವೈಕಲ್ಯವಿಲ್ಲದವರು ತೆಗೆದುಕೊಳ್ಳುವ ಗರಿಷ್ಠ ಸಮಯದ ಎರಡರಷ್ಟರೊಳಗೆ ಮಾಡಬಲ್ಲರೇ ಎಂಬುದು ಪ್ರಶ್ನೆ. ಭಾನುವಾರ ಈರುಳ್ಳಿ ಹೆಚ್ಚಿ ಉಪ್ಪಿಟ್ಟು ಮಾಡಿದವರಿಗೆ ಸೋಮವಾರ ಬೆರಳು ಊದಿ ಬಾಣಲೆಯ ಹಿಡಿಯೇ ಸಿಗದಿದ್ದರೆ, ಅವರು ‘ಅಡುಗೆ ಮಾಡಬಲ್ಲವರು’ ಅಲ್ಲ. ಅಂಥ ದಿನಗಳು ಅರ್ಧಕ್ಕಿಂತ ಹೆಚ್ಚಿರಬೇಕು, ಅಷ್ಟೇ. ನಮ್ಮವರಿಗೆ ಯಾರು ಕೇಳಿದರೂ ‘ಪರವಾಗಿಲ್ಲ’ ಎನ್ನುವ ಅಭ್ಯಾಸ. ಅರ್ಜಿದಾರರ ಕಷ್ಟವನ್ನು ಅಳೆಯುವ ಮೌಲ್ಯಮಾಪನದ ವರದಿಗೆ ಅದು ಹಾಗೆಯೇ ಇಳಿದುಬಿಡುತ್ತದೆ.

ಟ್ರಿಬ್ಯುನಲ್‌ನಲ್ಲಿ ಸಾಮಾನ್ಯವಾಗಿ ಒಬ್ಬ ನ್ಯಾಯಾಧೀಶರು, ಒಬ್ಬ ವೈದ್ಯರು ಮತ್ತು ಅಂಗವೈಕಲ್ಯದ ಅನುಭವವುಳ್ಳ ಒಬ್ಬ ಸದಸ್ಯರು ಕುಳಿತು, ಎಲ್ಲವನ್ನೂ ಹೊಸದಾಗಿ ನೋಡಿ, ಅರ್ಜಿದಾರರ ಬಾಯಿಂದಲೇ ಕೇಳುತ್ತಾರೆ. ತೀರ್ಮಾನಗಳು ಇಷ್ಟೊಂದು ತಿರುಗುವುದಕ್ಕೆ ಈ ಕೇಳುವಿಕೆಯೇ ದೊಡ್ಡ ಕಾರಣವೆಂದು ನನ್ನ ಅಭಿಪ್ರಾಯ. ಹಾಗಾಗಿ ಬರೀ ಕಾಗದಪತ್ರಗಳ ಮೇಲೆ ತೀರ್ಮಾನಿಸಿ ಎಂದು ಬರೆಯದೆ ಖುದ್ದು ಅಥವಾ ಫೋನ್ ವಿಚಾರಣೆಯನ್ನೇ ಕೇಳಿ. ಮೇಲ್ಮನವಿ ಅರ್ಜಿಯಲ್ಲಿಯೇ ಕನ್ನಡ ದುಭಾಷಿ ಬೇಕೆಂದು ಬರೆಯಬಹುದು, ಅದಕ್ಕೆ ಹಣ ಕೊಡಬೇಕಿಲ್ಲ. ಸಾಮಾನ್ಯವಾಗಿ ಮನೆಯವರು ದುಭಾಷಿಯಾಗುವಂತಿಲ್ಲ, ಆದರೆ ನೀವು ಜೊತೆಗೆ ಹೋಗಿ ಕಂಡದ್ದನ್ನು ಹೇಳಬಹುದು.

ಇಲಾಖೆ ಮೊದಲು ತೀರ್ಮಾನ ಕೊಟ್ಟ ದಿನ ನಿಮ್ಮ ಪತಿಯ ಸ್ಥಿತಿ ಹೇಗಿತ್ತೆಂಬುದನ್ನೇ ಅಲ್ಲಿ ಪರಿಗಣಿಸುತ್ತಾರೆ. ಆಮೇಲೆ ಕಾಯಿಲೆ ಉಲ್ಬಣಿಸಿದ್ದರೆ ಅದಕ್ಕೆ ಬೇರೆ ದಾರಿ ಹಿಡಿಯಬೇಕು. ಆ ಮೊದಲ ತೀರ್ಮಾನದ ಸಮಯದ ಆಸ್ಪತ್ರೆಯ ಪತ್ರಗಳನ್ನು, ಔಷಧಿ ಚೀಟಿಗಳನ್ನು ಈಗಲೇ ಒಟ್ಟುಮಾಡಿ.

ಒಂದು ಎಚ್ಚರಿಕೆಯಿದೆ. ಟ್ರಿಬ್ಯುನಲ್ ಇಡೀ ತೀರ್ಮಾನವನ್ನೇ ಕೈಗೆತ್ತಿಕೊಳ್ಳಬಹುದಾದ್ದರಿಂದ, ಪಿಪ್‌ನ ಇನ್ನೊಂದು ವಿಭಾಗವಾದ ಓಡಾಟದ ವಿಭಾಗದಲ್ಲಿ ಈಗಾಗಲೇ ಹಣ ಬರುತ್ತಿದ್ದರೆ ಅದೂ ಕಡಿಮೆಯಾಗುವ ಸಂಭವವಿದೆ. ಏನೂ ಬರುತ್ತಿಲ್ಲವಾದರೆ ಕಳೆದುಕೊಳ್ಳುವುದು ಸಮಯ ಮಾತ್ರ. ವಿಚಾರಣೆಗೆ ತಿಂಗಳುಗಟ್ಟಲೆ ಕಾಯಬೇಕಾದೀತು. ಶುಲ್ಕವಿಲ್ಲ. ಮರುಪರಿಶೀಲನೆಯ ಪತ್ರದ ಮೇಲಿರುವ ದಿನಾಂಕದಿಂದ ಒಂದು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಅರ್ಜಿ ತುಂಬಲು ಸಿಟಿಜನ್ಸ್ ಅಡ್ವೈಸ್ ಎಂಬ ಸಲಹಾ ಸಂಸ್ಥೆಯವರು ಉಚಿತವಾಗಿ ನೆರವಾಗುತ್ತಾರೆ.