ಕೊನೆಯ ಕಂತು ಯಾಕೆ ನಿಲ್ಲುತ್ತದೆ?

ಕಲಬುರಗಿಯ ಇಂಟೀರಿಯರ್ ಡಿಸೈನರ್ ಒಬ್ಬರ ಪತ್ರ: ‘ಸೇಡಂ ರಸ್ತೆಯ ಒಂದು ಮನೆಯ ಕೆಲಸ ಪೂರಾ ಮುಗಿಸಿ ಒಂದೇ ಬಿಲ್ ಕೊಟ್ಟೆ. ಮಾಲೀಕರು ಇರೋದು ಹೈದರಾಬಾದಿನಾಗ. ಅಳತಿ ಹೆಚ್ಚು ಹಾಕೀರಿ ಅಂತ 70,000 ರೂಪಾಯಿ ತಡೆದಾರ. ಐಜಿಎಸ್‌ಟಿ (ರಾಜ್ಯದಿಂದ ರಾಜ್ಯಕ್ಕೆ ಹೋಗೋ ಸೇವೆಯ ಜಿಎಸ್‌ಟಿ) ಹಾಕಬೇಕಿತ್ತು ಅಂತ ಇನ್ನೊಂದು ತಕರಾರು. ಏನು ಮಾಡಲಿ?’

ಎರಡನೆಯದು ಸುಲಭ. ಸ್ಥಿರಾಸ್ತಿಗೆ ಸಂಬಂಧಿಸಿದ ಸೇವೆಯಲ್ಲಿ ಮಾಲೀಕರ ಊರಲ್ಲ, ಮನೆ ಇರುವ ಊರೇ ಲೆಕ್ಕ. ಕಾಯ್ದೆಯಲ್ಲಿ ಇಂಟೀರಿಯರ್ ಡೆಕೊರೇಟರ್ ಎಂದು ಹೆಸರಿಸಿಯೇ ಬರೆದಿದೆ. ಮನೆಯೂ ನೀವೂ ಕಲಬುರಗಿಯಲ್ಲಿ. ಆದ್ದರಿಂದ ಕೇಂದ್ರದ ಪಾಲು ಸಿಜಿಎಸ್‌ಟಿ ಶೇ 9, ರಾಜ್ಯದ ಪಾಲು ಎಸ್‌ಜಿಎಸ್‌ಟಿ ಶೇ 9. ನಾಳೆ ಮಹಾರಾಷ್ಟ್ರದ ಸೊಲ್ಲಾಪುರದ ಫ್ಲ್ಯಾಟ್ ಹಿಡಿದರೆ ಐಜಿಎಸ್‌ಟಿ ಶೇ 18. (ವಹಿವಾಟು ವರ್ಷಕ್ಕೆ 20 ಲಕ್ಷದೊಳಗಿದ್ದು ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ವಸೂಲು ಮಾಡುವಂತೆಯೇ ಇಲ್ಲ.)

ನಿಜವಾದ ಜಗಳ ಅಳತೆಯದು, ಮತ್ತು ಅದರಲ್ಲಿ ತಪ್ಪು ಬಹುಶಃ ನಿಮ್ಮ ಕೊಟೇಶನ್ನಿನದೇ. 7 ಅಡಿ ಎತ್ತರ, 6 ಅಡಿ ಅಗಲದ ವಾರ್ಡ್‌ರೋಬಿನ ಮುಂಭಾಗ 42 ಚದರಡಿ. ಮೇಲಿನ 2 ಅಡಿ ಲಾಫ್ಟ್ (ಅಟ್ಟದ ಕಪಾಟು) ಇನ್ನೂ 12. ‘ವಾರ್ಡ್‌ರೋಬ್, ಚದರಡಿಗೆ ಇಷ್ಟು’ ಎಂದಷ್ಟೇ ಬರೆದಿದ್ದರೆ ಲಾಫ್ಟ್ ಅದರೊಳಗೇ ಬಂತೆಂದು ಯಾರಾದರೂ ತಿಳಿಯುತ್ತಾರೆ. ಫಾಲ್ಸ್ ಸೀಲಿಂಗಿನದು ಇನ್ನೂ ತೊಡಕು. 12×14ರ ಕೋಣೆಗೆ 168 ಚದರಡಿ ಎಂದು ಮಾಲೀಕರು ನೆಲ ಅಳೆದು ಹೇಳುತ್ತಾರೆ. ಲೈಟು ಮರೆಮಾಡುವ ಅಂಚಿಗಾಗಿ (ಕೋವ್) 40 ಅಡಿ ಉದ್ದಕ್ಕೆ 6 ಇಂಚು ಇಳಿಸಿದ ಪಟ್ಟಿಯ 20 ಚದರಡಿ ಅವರ ಲೆಕ್ಕದಲ್ಲಿ ಬರುವುದೇ ಇಲ್ಲ. ಅಂಥ ಪಟ್ಟಿಗೆ ರನ್ನಿಂಗ್ ಫೂಟಿನ (ಉದ್ದದ ಅಡಿಯೊಂದಕ್ಕೆ ಇಷ್ಟು ಎಂಬ) ದರ ಬೇರೆಯಾಗಿ ಬರೆಯಿರಿ.

ಈಗ ಮಾಲೀಕರ ಕಡೆಯವರೊಬ್ಬರನ್ನು ನಿಲ್ಲಿಸಿಕೊಂಡು ಕೋಣೆವಾರು ಟೇಪು ಹಿಡಿಯಿರಿ, ಅಳತೆ ಹಾಳೆಗೆ ಇಬ್ಬರೂ ಸಹಿ ಹಾಕಿ. ಮೊತ್ತ ಇಳಿದರೆ ಹಳೆಯ ಬಿಲ್ ಹರಿದು ಹೊಸದು ಬರೆಯಬೇಡಿ, ಇಳಿದಷ್ಟಕ್ಕೆ ಕ್ರೆಡಿಟ್ ನೋಟ್ (ಹಳೆಯ ಬಿಲ್ಲಿನಿಂದ ಅಷ್ಟು ಕಳೆಯುವ ಚೀಟಿ) ಕೊಡಿ.

ಮುಂದಿನ ಕೆಲಸಕ್ಕೆ ಡಿಸೈನ್ ಫೀ ಬೇರೆ ಬಿಲ್ ಮಾಡಿ. ಬಡಿಗೇರರ ದರದೊಳಗೆ ಅದನ್ನು ಅಡಗಿಸಿದರೆ, ಅರ್ಧ ಕೆಲಸ ರದ್ದಾದಾಗ ನಿಮ್ಮ ಡ್ರಾಯಿಂಗಿನ ದುಡ್ಡೂ ಹೋಗುತ್ತದೆ. ಕೆಲಸದ ಹಣ ಕಂತಿನಲ್ಲಿರಲಿ: ಮುಂಗಡ ಶೇ 40, ಪ್ಲೈವುಡ್ ಡಬ್ಬಗಳು ನಿಂತಾಗ 30, ಲ್ಯಾಮಿನೇಟ್ ಅಂಟಿಸಿ ಬಾಗಿಲು ಕೂಡಿಸಿದಾಗ 20, ಕೀಲಿಕೈ ಕೊಡುವಾಗ 10. ವಾಸ್ತುಶಾಂತಿ ಊಟ ಮುಗಿದ ಮೇಲೆ ಕೊಟ್ಟ ಬಿಲ್ಲಿಗೆ ಬೆಲೆ ಕಡಿಮೆ. ಕಂತಿನಲ್ಲಿದ್ದರೆ ಕೊನೆಗೆ ಸಿಕ್ಕಿಕೊಂಡರೂ ಶೇ 10 ಮಾತ್ರ. ಸೇವೆಯ ಮುಂಗಡಕ್ಕೂ ತೆರಿಗೆ ಉಂಟು: ತೆರಿಗೆ ಸೇರಿ 1,18,000 ಬಂದರೆ ಅದರಲ್ಲಿ 18,000 ಸರ್ಕಾರದ್ದು. ಅದನ್ನು ಪ್ಲೈವುಡ್ ಅಂಗಡಿಗೆ ಕೊಟ್ಟು ಕೂರಬೇಡಿ. –ಸಂ.