ಬುದ್ಧಿವಂತರ ಜಿಲ್ಲೆಯ ಮಕ್ಕಳು ಸೈನ್ಸ್ ಯಾಕೆ ಬೇಡ ಅಂತಾರೆ?

ಮಾರಾಯ, ನಿನ್ನೆ ಫೋನಲ್ಲಿ ಕೇಳಿದ್ಯಲ್ಲ, "ನಿಮ್ಮದು ಬುದ್ಧಿವಂತರ ಜಿಲ್ಲೆ, ಮತ್ತೆ ನಿನ್ನ ಶಾಲೆ ಮಕ್ಕಳು ಯಾಕೆ ಕಾಮರ್ಸಿಗೆ ಓಡುದು, ಕಷ್ಟಪಡ್ಲಿಕ್ಕೆ ಉದಾಸೀನವಾ?" ಅಂತ. 2024ರಲ್ಲಿ ಪಿಯುಸಿ ರಿಸಲ್ಟಲ್ಲಿ ದಕ್ಷಿಣ ಕನ್ನಡ ಫಸ್ಟ್, ಉಡುಪಿ ಸೆಕೆಂಡ್, ಮರುವರ್ಷ ಉಡುಪಿ ಫಸ್ಟ್, ನಾವು ಸೆಕೆಂಡ್. ಉದಾಸೀನದಲ್ಲಿ ಹಾಗೆ ಬರ್ಲಿಕ್ಕೆ ಆಗ್ತದಾ? ಕಾಮರ್ಸ್ ಕೂಡ ನಮಗೆ ಸಣ್ಣದಲ್ಲ, ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕ್ ಎಲ್ಲ ಹುಟ್ಟಿದ್ದೇ ಈ ಎರಡು ಜಿಲ್ಲೆಗಳಲ್ಲಿ. ಇಷ್ಟಪಟ್ಟು ಹೋಗುವವರು ಹೋಗ್ಲಿ.

ನನ್ನ ಜಗಳ ಗಣಿತದಲ್ಲಿ ತೊಂಬತ್ತು ತೆಗ್ದೂ "ಸೈನ್ಸ್ ನಂಗೆ ಆಗ್ಲಿಕ್ಕಿಲ್ಲ ಟೀಚರ್" ಅನ್ನುವವರ ಹತ್ರ. ನಮ್ಮದು ತಲಪಾಡಿ ಬದಿ, ಟೋಲ್ ಗೇಟ್ ದಾಟಿದ್ರೆ ಕೇರಳ. ಮನೆಯಲ್ಲಿ ತುಳುವೋ ಬ್ಯಾರಿಯೋ, ಕ್ಲಾಸಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ. ಇಷ್ಟೆಲ್ಲ ಸಲೀಸಾಗಿ ಮಾತಾಡುವ ಹುಡುಗಿಗೆ ಪಿಯು ಸೈನ್ಸ್ ಇಂಗ್ಲಿಷಲ್ಲಿ ಅಂದ ಕೂಡ್ಲೆ ತಾನು ದಡ್ಡಿ ಅನಿಸಿಬಿಡ್ತದೆ.

ಕಳೆದ ವರ್ಷ ಒಬ್ಳಿದ್ಲು, ಅಮ್ಮ ಬೀಡಿ ಕಟ್ಟುದು. ಕಿಟಕಿ ಎದುರು ಪೀನ ಮಸೂರ ಹಿಡಿದು, ಹಿಂದಿನ ಬಿಳಿ ಹಾಳೆಯನ್ನು ಸರಿಸಿ ಸರಿಸಿ, ಹೊರಗಿನ ತೆಂಗಿನಮರ ಸ್ಪಷ್ಟವಾಗಿ ತಲೆಕೆಳಗೆ ಮೂಡಿದ ಕೂಡ್ಲೆ ಮಸೂರದಿಂದ ಹಾಳೆಗೆ ಸ್ಕೇಲಿಟ್ಟು ಸಂಗಮದೂರ, ಅಂದ್ರೆ ಫೋಕಲ್ ಲೆಂತ್, ಹತ್ತು ಸೆಂಟಿಮೀಟರ್ ಅಂದ್ಲು. ಮಸೂರದ ಡಬ್ಬಿಯಲ್ಲಿ ಇದ್ದದ್ದೂ ಹತ್ತೇ. ಮರ ಯಾಕೆ ಉಲ್ಟಾ ಕಾಣ್ತದೆ ಅಂತ ಪಕ್ಕದವಳಿಗೆ ತುಳುವಲ್ಲಿ ಪಾಠ ಬೇರೆ. ಅದೇ ಹುಡುಗಿ ಪಿಯು ಅಪ್ಲಿಕೇಶನಲ್ಲಿ ಕಾಮರ್ಸ್ ಬರ್ದಿದ್ಲು, "ಹುಡುಗಿಯರಿಗೆ ಸೈನ್ಸ್ ಭಾರ" ಅಂತ ಮಾವ ಹೇಳಿದ್ರಂತೆ! ಅಮ್ಮನನ್ನು ಶಾಲೆಗೆ ಕರೆಸಿ ಮಾತಾಡಿದ ಮೇಲೆ ಫಾರ್ಮ್ ಬದಲಾಯ್ತು, ಈಗ ಪಿಯು ಸೈನ್ಸಲ್ಲಿ ಪಿಸಿಎಂಸಿ, ಅಂದ್ರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್, ಕಂಪ್ಯೂಟರ್ ಸೈನ್ಸ್ ಓದ್ತಿದ್ದಾಳೆ. ಆದ್ರೆ ಶಾಲೆಗೆ ಬಂದ್ರೆ ಅವತ್ತಿನ ಬೀಡಿ ದುಡ್ಡು ಹೋಗ್ತದೆ, ಎಲ್ಲ ಅಮ್ಮಂದಿರಿಗೂ ಬರ್ಲಿಕ್ಕೆ ಆಗುದಿಲ್ಲ.

ಆಲ್ಬರ್ಟ್ ಬಂಡೂರ ಅಂತ ಮನಶ್ಶಾಸ್ತ್ರಜ್ಞರು 1977ರಲ್ಲೇ ಬರ್ದಿದ್ದಾರೆ, ನನ್ನಿಂದ ಆಗ್ತದೆ ಅನ್ನುವ ನಂಬಿಕೆ ಎಲ್ಲಕ್ಕಿಂತ ಹೆಚ್ಚು ಬರುದು ಸ್ವತಃ ಮಾಡಿ ಗೆದ್ದದ್ರಿಂದ, ಆಮೇಲೆ ತನ್ನಂಥವರು ಗೆದ್ದದ್ದನ್ನು ನೋಡಿ, ಬರೀ ಬಾಯಿಮಾತಿನ ಧೈರ್ಯಕ್ಕೆ ಅಷ್ಟು ಬಲ ಇಲ್ಲ. ನಂಗೆ ಕಷ್ಟ ಆಗುದು ಆ ಎರಡನೇದರಲ್ಲಿ. ಉಡುಪಿ ಹತ್ರದ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ 1975ರಲ್ಲಿ ಆರ್ಯಭಟ ಉಪಗ್ರಹ ಮಾಡಿಸಿದ್ರು ಅಂದ್ರೆ ಮಕ್ಕಳು ಕ್ವಿಜ್ ಉತ್ತರದ ಹಾಗೆ ಬರ್ಕೊಳ್ತಾರೆ. ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆ 1960ರಿಂದ ಉಂಟು, ನಮ್ಮ ಮಕ್ಕಳೆಲ್ಲ ಅದರ ಪಕ್ಕದ ಬೀಚಲ್ಲಿ ಆಡಿ ಬಂದವರೇ, ಕ್ಯಾಂಪಸ್ ಒಳಗೆ ತಾವು ಓದಬಹುದು ಅಂತ ಮಾತ್ರ ಯಾರ ತಲೆಗೂ ಬರುದಿಲ್ಲ. ನಮ್ಮ ಮಕ್ಕಳು ನಂಬುದು ತಮ್ಮದೇ ಬಸ್ಸಲ್ಲಿ ನೇತಾಡ್ಕೊಂಡು ಹೋದ ಅಕ್ಕನನ್ನು.

ನಿನ್ನ ಆಫೀಸಲ್ಲಿ ನಮ್ಮ ಕಡೆಯ ಹುಡುಗಿಯರಿದ್ದಾರೆ ಅಂದಿದ್ಯಲ್ಲ, ಕನ್ನಡ ಮೀಡಿಯಂನಲ್ಲಿ ಓದಿದವರು ಯಾರಾದ್ರೂ ಇದ್ರೆ ಊರಿಗೆ ಬಂದಾಗ ಶಾಲೆಗೆ ಕಳಿಸು, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮೊದಲೇ. ಫಸ್ಟ್ ಪಿಯುವಿನ ಮೊದಲ ತಿಂಗಳುಗಳನ್ನು ಹೇಗೆ ದಾಟಿದ್ರು ಅಂತ ತುಳುವಲ್ಲೇ ಹೇಳ್ಲಿ, ಅರ್ಧ ಗಂಟೆ ಸಾಕು.