ರಾ ಫೋಟೊಗೆ ಐಎಸ್‌ಒ ಲೆಕ್ಕಕ್ಕಿಲ್ಲವೇ?

ಪ್ರಶ್ನೆ: ರಾತ್ರಿ ಯಕ್ಷಗಾನದ ಫೋಟೊ ತೆಗೆಯುತ್ತೇನೆ, ರಾ ಫೈಲಿನಲ್ಲೇ (ಕ್ಯಾಮೆರಾ ತಿದ್ದದೆ ಕೊಡುವ ಹಸಿ ಚಿತ್ರ). ಐಎಸ್‌ಒ 3200ಕ್ಕೆ ಇಟ್ಟರೆ ಚಿತ್ರವೆಲ್ಲ ಕಾಳು ಕಾಳು. ‘ರಾದಲ್ಲಿ ಐಎಸ್‌ಒ ಬರೀ ಹೆಸರಿಗೆ, 100ರಲ್ಲೇ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಬೆಳಕು ಏರಿಸು’ ಅನ್ನುತ್ತಾನೆ ಗೆಳೆಯ. ಹೌದಾ?
– ಓದುಗರೊಬ್ಬರು, ಉಡುಪಿ

ಉತ್ತರ: ಅರ್ಧ ಹೌದು. ಐಎಸ್‌ಒ ಅಂದರೆ ಚಿತ್ರ ಎಷ್ಟು ಬೆಳಕಾಗಿ ಕಾಣಬೇಕು ಅನ್ನುವ ಸೆಟ್ಟಿಂಗ್. ಅದನ್ನು ಎಷ್ಟೇ ಏರಿಸಿ, ಸೆನ್ಸರಿಗೆ (ಬೆಳಕು ಹಿಡಿಯುವ ಚಿಪ್) ಒಂದು ಚೂರು ಬೆಳಕೂ ಜಾಸ್ತಿ ಬೀಳುವುದಿಲ್ಲ. ಅದು ಶಟರ್ (ಬೆಳಕು ಬೀಳುವ ಹೊತ್ತು) ಮತ್ತು ಅಪರ್ಚರ್ (ಲೆನ್ಸಿನ ಕಿಂಡಿ) ಕೆಲಸ. ಕಾಳು ಬರುವುದು ಮುಖ್ಯವಾಗಿ ಬೆಳಕು ಸಾಲದ್ದಕ್ಕೆ. ಒಂದು ಪಿಕ್ಸೆಲ್‌ಗೆ 10,000 ಫೋಟಾನ್ (ಬೆಳಕಿನ ಕಣ) ಬಿದ್ದರೆ ಏರುಪೇರು ಸುಮಾರು 100, ಅಂದರೆ ನೂರಕ್ಕೆ ಒಂದು. ಬರೀ 100 ಬಿದ್ದರೆ ಏರುಪೇರು 10, ನೂರಕ್ಕೆ ಹತ್ತು! ಆಟೊದಲ್ಲಿ 3200 ಇಟ್ಟಾಗ ಕ್ಯಾಮೆರಾ ಶಟರನ್ನು ಬೇಗ ಮುಚ್ಚುತ್ತದೆ, ಬೆಳಕು ಕಡಿಮೆಯಾಗುತ್ತದೆ, ಬೈಗುಳ ಮಾತ್ರ ಐಎಸ್‌ಒಗೆ.

ಆದರೆ ‘ಬರೀ ಹೆಸರಿಗೆ’ ಅನ್ನುವುದು ತಪ್ಪು. ಹೆಚ್ಚಿನ ಕ್ಯಾಮೆರಾಗಳಲ್ಲಿ ಐಎಸ್‌ಒ ಏರಿಸಿದರೆ ಸೆನ್ಸರಿನ ಸಿಗ್ನಲ್ ಅಂಕಿಯಾಗುವ ಮೊದಲೇ ದೊಡ್ಡದಾಗುತ್ತದೆ, ಹಾಗಾಗಿ ರಾ ಫೈಲಿನೊಳಗಿನ ಅಂಕಿಗಳೇ ಬದಲಾಗುತ್ತವೆ. ಭಾಗವತರ ಸ್ವರವನ್ನು ಮೈಕಿನ ಹತ್ತಿರವೇ ಏರಿಸಿ ಕಳಿಸಿದರೆ ಸ್ಪೀಕರಿನ ‘ಸುಂಯ್’ ಅದರಡಿ ಮುಚ್ಚಿಹೋಗುತ್ತದೆ, ಸಣ್ಣ ಸ್ವರ ಕಳಿಸಿ ಕೊನೆಗೆ ಏರಿಸಿದರೆ ಸ್ವರದ ಜೊತೆ ‘ಸುಂಯ್’ ಕೂಡ ಏರುತ್ತದೆ, ಅಲ್ವಾ? ಅಂಕಿ ಮಾಡುವ ಸರ್ಕ್ಯೂಟಿನ ನಾಯ್ಸ್ (ಚಿತ್ರದಲ್ಲಿ ಕಾಳಾಗಿ ಕಾಣುವ ಗದ್ದಲ) ಕತೆಯೂ ಅಷ್ಟೇ. ಹಳೆಯ ಕೆಲವು ಕ್ಯಾಮೆರಾಗಳಲ್ಲಿ 100ರಲ್ಲಿ ತೆಗೆದು ಐದು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು) ಏರಿಸಿದರೆ ಕಪ್ಪು ಜಾಗದಲ್ಲೆಲ್ಲ ಪಟ್ಟೆ ಏಳುತ್ತದೆ. ಹೊಸ ಸೆನ್ಸರುಗಳಲ್ಲಿ ಆ ನಾಯ್ಸ್ ತುಂಬ ಕಡಿಮೆ, ಅಲ್ಲಿ ಗೆಳೆಯನ ಮಾತು ಹೆಚ್ಚುಕಡಿಮೆ ನಡೆಯುತ್ತದೆ.

ನಿಮ್ಮ ಕ್ಯಾಮೆರಾ ಯಾವ ಜಾತಿಯದು? ಮನೆಯಲ್ಲೇ ನೋಡಬಹುದು. ಶಟರ್, ಅಪರ್ಚರ್ ಬದಲಿಸದೆ ಮಬ್ಬು ಕೋಣೆಯಲ್ಲಿ 100, 400, 800, 1600, 3200ರಲ್ಲಿ ಒಂದೊಂದು ತೆಗೆಯಿರಿ. ಕಂಪ್ಯೂಟರಿನಲ್ಲಿ ಎಲ್ಲವನ್ನೂ 3200ರಷ್ಟೇ ಬೆಳಕಿಗೆ ತಂದು ನೆರಳಿನ ಭಾಗ ನೋಡಿ. ಎಲ್ಲಿಂದ ಮೇಲೆ ವ್ಯತ್ಯಾಸ ಕಾಣುವುದಿಲ್ಲವೋ ಅಲ್ಲಿಗೇ ನಿಲ್ಲಿಸಿ. ಅದಕ್ಕಿಂತ ಏರಿಸಿದರೆ ಸುಮ್ನೆ ನಷ್ಟ, ಯಾಕೆಂದರೆ ಐಎಸ್‌ಒ ದುಪ್ಪಟ್ಟಾದಂತೆಲ್ಲ ಹೊಳಪಿನ ಕಡೆ ಒಂದು ಸ್ಟಾಪ್ ಹೋಗುತ್ತದೆ. ರಂಗಸ್ಥಳದಲ್ಲಿ ಏಟು ಬೀಳುವುದು ಅಲ್ಲೇ: ಕಿರೀಟದ ಮಿಂಚು, ಬಣ್ಣದ ವೇಷದ ಮುಖದ ಬಿಳಿ ಚಿಟ್ಟಿ (ಚುಕ್ಕಿ). ಒಮ್ಮೆ ಪೂರ್ತಿ ಬೆಳ್ಳಗಾದರೆ ರಾದಲ್ಲೂ ವಾಪಸ್ ಬರುವುದಿಲ್ಲ.

ನಾನಾದರೆ ಕುಣಿತಕ್ಕೆ ಶಟರ್ 1/250, ಅಪರ್ಚರ್ ಲೆನ್ಸ್ ಬಿಟ್ಟಷ್ಟು ತೆರೆದು, ಐಎಸ್‌ಒ 800 ಅಥವಾ 1600ಕ್ಕೆ ಇಡುತ್ತೇನೆ. ಪರದೆಯಲ್ಲಿ ಚಿತ್ರ ಕಪ್ಪಾಗಿ ಕಾಣುತ್ತದೆ, ಕಾಣಲಿ ಬಿಡಿ. ಒಡ್ಡೋಲಗದಲ್ಲಿ (ವೇಷ ರಂಗಕ್ಕೆ ಬರುವ ಭಾಗ) ವೇಷ ನಿಂತಾಗ ಶಟರ್ ನಿಧಾನ ಮಾಡಿ, ಐಎಸ್‌ಒ ಇಳಿಸಿ. ಫ್ಲ್ಯಾಶ್ ಮಾತ್ರ ಬೇಡ ಮಾರಾಯ್ರೇ, ಕಲಾವಿದರ ಕಣ್ಣಿಗೆ ಹೊಡೆಯುತ್ತದೆ.

ಪ್ರಶ್ನೆ: ನನ್ನ ಕ್ಯಾಮೆರಾದಲ್ಲಿ 100ರ ಕೆಳಗೆ ‘ಲೋ’ ಅಂತ 50 ಕೂಡ ಇದೆ. ಪಣಂಬೂರಿನ ಸೂರ್ಯಾಸ್ತಕ್ಕೆ ಅದು ಒಳ್ಳೆಯದಾ?
– ಓದುಗರೊಬ್ಬರು, ಮಂಗಳೂರು

ಉತ್ತರ: ಬೇಡ. ಸಾಮಾನ್ಯವಾಗಿ ಅದು 100ರಲ್ಲೇ ಒಂದು ಸ್ಟಾಪ್ ಜಾಸ್ತಿ ಬೆಳಕು ತೆಗೆದುಕೊಂಡು, ಆಮೇಲೆ ಚಿತ್ರವನ್ನು ಕಪ್ಪು ಮಾಡಿ ತೋರಿಸುವುದು. ನಾಯ್ಸ್ ಸ್ವಲ್ಪ ಇಳಿಯುತ್ತದೆ, ಸೂರ್ಯನ ಸುತ್ತಲಿನ ಬಣ್ಣ ಹೋಗುತ್ತದೆ. ಅಲೆಗೆ ನಿಧಾನ ಶಟರ್ ಬೇಕಿದ್ದರೆ ಲೆನ್ಸಿಗೆ ಬರುವ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ.